ಒಂದು ಮುಷ್ಟಿ, ಮೇಲೆರಡು ಬೆರಳು

ನೆಲ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುತ್ತದೆ ಎಂದು ಸಮುದ್ರ ದಾಟಿದವರೆಲ್ಲ ಹೇಳುತ್ತಾರೆ. ನನಗೆ ಬಡಿಯಲಿಲ್ಲ. ಬಡಿಯಲು ದಾರಿಯೂ ಇರಲಿಲ್ಲ ಅನ್ನಿ. ಹದಿನೈದು ದಿನದಿಂದ ಗಾಳಿ ಬೆನ್ನ ಹಿಂದಿನಿಂದಲೇ ಬೀಸುತ್ತಿತ್ತು. ಮುಂದಿದ್ದ ದ್ವೀಪದ ವಾಸನೆಯನ್ನು ಅದು ಇನ್ನೂ ಮುಂದಕ್ಕೆ ಹೊತ್ತುಕೊಂಡು ಹೋಗುತ್ತಿತ್ತು. ನಮ್ಮ ಪಾಲಿಗೆ ಬರುತ್ತಿದ್ದದ್ದು ಉಪ್ಪು, ಒದ್ದೆ ಹಗ್ಗ, ಡೀಸೆಲ್, ಮತ್ತೆ ನಾವು ನಾಲ್ಕು ಜನ ಸರಿಯಾಗಿ ಸ್ನಾನ ಮಾಡಿಲ್ಲವೆಂಬ ಸುದ್ದಿ.

2025ರ ಜನವರಿ 21, ಬೆಳಗಿನ ಜಾವ ಮೂರು ಗಂಟೆ. ಕಾವಲು ನನ್ನದು. ಹಿಂದೆ ಅರ್ಧ ಚಂದ್ರ, ಮುಂದೆ ಪಡುವಣದ ಅಂಚಿನಲ್ಲಿ ಮೋಡದ ಹೊಟ್ಟೆಗೆ ಕೆಂಡ ಹಿಡಿದ ಹಾಗೆ ಮಸುಕು ಕಿತ್ತಳೆ ಬೆಳಕು. ಐದು ನಿಮಿಷ ಅದನ್ನು ದೊಡ್ಡ ಹಡಗೆಂದೇ ತಿಳಿದೆ. ಹಡಗಾದರೆ ಸರಿಯಬೇಕಲ್ಲ, ಇದು ಸರಿಯುತ್ತಿಲ್ಲ. ಆಮೇಲೆ ಹೊಳೆಯಿತು, ಈ ಬೆಳಕು ನನಗೆ ಗೊತ್ತಿದ್ದದ್ದೇ. ಕೈಮರ ದಾಟಿ ಗಿರಿಯ ಕಡೆ ಏರುವಾಗ ತಿರುವಿನಲ್ಲಿ ಬೈಕ್ ನಿಲ್ಲಿಸಿ ತಿರುಗಿ ನೋಡಿದರೆ, ಕೆಳಗೆ ಮಂಜಿನೊಳಗೆ ಚಿಕ್ಕಮಗಳೂರು ಪೇಟೆ ಹೀಗೇ ಉರಿಯುತ್ತಿರುತ್ತದೆ. ಊರು ಕಾಣುವುದಿಲ್ಲ, ಊರಿದೆ ಎನ್ನುವುದು ಮಾತ್ರ ಕಾಣುತ್ತದೆ.

ಬಾರ್ಬಡೋಸ್. ಕ್ಯಾಪ್ಟನ್‌ನನ್ನು ಎಬ್ಬಿಸಬೇಕಿತ್ತು. ಹತ್ತು ನಿಮಿಷ ಎಬ್ಬಿಸಲಿಲ್ಲ. ಅಷ್ಟು ಹೊತ್ತು ಆ ಬೆಳಕು ನನ್ನೊಬ್ಬನದೇ ಆಗಿರಲಿ ಅನ್ನುವ ಸಣ್ಣತನ.

ಕಾಫಿ ತೋಟದ ಮನೆಯವನಿಗೆ ಹಾಯಿದೋಣಿಯ ಹುಚ್ಚು ಹೇಗೆ ಹತ್ತಿತು ಎಂದು ಊರಲ್ಲಿ ಎಲ್ಲರೂ ಕೇಳಿದ್ದಾರೆ. ಕಂಪನಿ ಕೆಲಸಕ್ಕೆಂದು ಎರಡು ವರ್ಷ ಹಾಲೆಂಡಿನಲ್ಲಿದ್ದೆ. ಅಲ್ಲಿ ಶನಿವಾರ ಭಾನುವಾರ ಬೇರೆ ಕೆಲಸವಿರಲಿಲ್ಲ, ನೀರಿತ್ತು. ಅಷ್ಟೇ ಕಥೆ. ಅಲ್ಲಿ ನನಗೆ ಹಗ್ಗ ಕಟ್ಟುವುದನ್ನು ಕಲಿಸಿದ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಅಟ್ಲಾಂಟಿಕ್ ದಾಟಲು ಹೊರಟಾಗ, ನಾಲ್ಕನೇ ಆಳಾಗಿ ಬರುತ್ತೀಯಾ ಎಂದು ಕೇಳಿದರು. ಆಗ ನಾನು ವಾಪಸ್ ಬಂದು ತೋಟದಲ್ಲಿದ್ದೆ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿತ್ತು, ರೊಬಸ್ಟಾ ಹಣ್ಣಾಗುತ್ತಿತ್ತು. ಇಂಥ ಹೊತ್ತಿನಲ್ಲಿ ತೋಟ ಬಿಟ್ಟು ಹೋಗುವವನನ್ನು ಏನೆಂದು ಕರೆಯಬೇಕೋ ಅದನ್ನೇ ಅಮ್ಮ ಕರೆದಳು. ಕರೆದು, ಎಳ್ಳು ಬೆಲ್ಲದ ಪೊಟ್ಟಣ ಕಟ್ಟಿಕೊಟ್ಟಳು. ಸಂಕ್ರಾಂತಿಗೆ ನೀನು ನೀರಿನ ಮೇಲಿರುತ್ತೀಯ ಅಂದಳು.

ನಾನು ಹತ್ತಬೇಕಿದ್ದದ್ದು ಕ್ಯಾನರಿ ದ್ವೀಪಗಳಲ್ಲಿ. ಅದು ಸ್ಪೇನ್, ಷೆಂಗೆನ್ ವೀಸಾ ಬೇಕು. ಅರ್ಜಿ ಹಾಕಿದ ಕಚೇರಿ ನನ್ನ ಪಾಸ್‌ಪೋರ್ಟನ್ನು ಏಳು ವಾರ ಇಟ್ಟುಕೊಂಡಿತು. ‘ವಾಪಸ್ ಬರುವ ಟಿಕೆಟ್’ ಎಂಬ ಜಾಗದಲ್ಲಿ ‘ಹಾಯಿದೋಣಿಯಲ್ಲಿ ಹೊರಡುತ್ತೇನೆ’ ಎಂದು ಬರೆದದ್ದೇ ತಪ್ಪಾಯಿತೋ ಏನೋ. ದೋಣಿ ಕ್ಯಾನರಿ ಬಿಟ್ಟ ನಾಲ್ಕನೇ ದಿನಕ್ಕೆ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಬಂತು. ಮೇಷ್ಟ್ರು ನಕ್ಕು, ಕೇಪ್ ವರ್ಡ್‌ಗೆ ಬಾ, ಅಲ್ಲಿ ಕಾಯುತ್ತೇವೆ ಅಂದರು. ಅಟ್ಲಾಂಟಿಕ್ ದಾಟುವವರು ಸಾಮಾನ್ಯವಾಗಿ ಗಾಳಿ ನೋಡಿ ದ್ವೀಪ ಆರಿಸಿಕೊಳ್ಳುತ್ತಾರೆ. ನಮ್ಮ ದೋಣಿ ನನ್ನ ಪಾಸ್‌ಪೋರ್ಟ್ ನೋಡಿ ಆರಿಸಿಕೊಂಡಿತು. ಮಾರ್ಟಿನಿಕ್ ಫ್ರಾನ್ಸಿನದು, ಮತ್ತೊಂದು ವೀಸಾ, ಬೇಡ. ಬಾರ್ಬಡೋಸ್‌ಗೆ ಭಾರತೀಯರು ಮೊದಲೇ ವೀಸಾ ಮಾಡಿಸಿಕೊಳ್ಳಬೇಕಿಲ್ಲ. ಅಲ್ಲಿಗೇ ನಡಿ ಎಂದಾಯಿತು. ಹೀಗೆ ಯಾರದೋ ಮೇಜಿನ ಮೇಲಿನ ಸೋಮಾರಿತನದಿಂದ ನಾನು ನನ್ನದೇ ಅಕ್ಷಾಂಶಕ್ಕೆ ಬಂದು ಬಿದ್ದೆ.

ಇದು ನನಗೆ ಕೇಪ್ ವರ್ಡ್‌ನ ಮಿಂಡೆಲೊ ಬಂದರಿನಲ್ಲಿ, ಹೊರಡುವ ಹಿಂದಿನ ರಾತ್ರಿ, ನಕಾಶೆ ಹರಡಿಕೊಂಡು ಕೂತಾಗ ಗೊತ್ತಾಯಿತು. ಬಾರ್ಬಡೋಸಿನ ರಾಜಧಾನಿ ಬ್ರಿಜ್‌ಟೌನ್ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 6 ಮಿನಿಟಿನಲ್ಲಿ. ಹಾಸನ 13ರ ಗೆರೆಯ ಮೇಲೇ ಕೂತಿದೆ. ಬೇಲೂರು ಅದಕ್ಕಿಂತ ಹತ್ತು ಮಿನಿಟು ಬಡಗಣಕ್ಕೆ. ಅಂದರೆ ಬ್ರಿಜ್‌ಟೌನಿನಿಂದ ನೇರ ಮೂಡಣಕ್ಕೆ ಒಂದು ಗೆರೆ ಎಳೆದರೆ ಅದು ಆಫ್ರಿಕಾ ದಾಟಿ, ಅರಬ್ಬೀ ಸಮುದ್ರ ದಾಟಿ, ಹಾಸನ–ಬೇಲೂರು ರಸ್ತೆಯಲ್ಲಿ ಹಗರೆಯ ಆಸುಪಾಸು ಎಲ್ಲೋ ರಸ್ತೆ ಅಡ್ಡ ಹಾಯುತ್ತದೆ. ಆ ರಸ್ತೆಯಲ್ಲಿ ಕೆಂಪು ಬಸ್ಸಿನ ಕಿಟಕಿಗೆ ತಲೆ ಕುಟ್ಟಿಕೊಂಡು ನಾನು ಎಷ್ಟು ಸಲ ನಿದ್ದೆ ಹೊಡೆದಿದ್ದೇನೋ ಲೆಕ್ಕವಿಲ್ಲ.

ದೋಣಿಯೂ ಹೆಚ್ಚುಕಡಿಮೆ ಆ ಬಸ್ಸಿನಷ್ಟೇ ಉದ್ದ, 39 ಅಡಿ. ಮೇಷ್ಟ್ರು, ಅವರ ಹೆಂಡತಿ, ಒಬ್ಬ ಪೋರ್ಚುಗೀಸ್ ಹುಡುಗ, ನಾನು. ಜನವರಿ 6ರ ಮಧ್ಯಾಹ್ನ ಮಿಂಡೆಲೊ ಬಿಟ್ಟೆವು. ಮುಂದೆ ಸುಮಾರು 2,000 ನಾಟಿಕಲ್ ಮೈಲು ನೀರು, ಕಿಲೋಮೀಟರ್ ಲೆಕ್ಕದಲ್ಲಿ 3,700. ವೇಗ ಐದೂವರೆ ನಾಟ್. ಇದನ್ನು ಕೇಳಿದವರಿಗೆ ಏನೋ ಗಾಂಭೀರ್ಯ ಕಾಣುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ಹತ್ತು ಕಿಲೋಮೀಟರ್. ಹಾಲು ಡೈರಿಗೆ ಸೈಕಲ್ಲಿನಲ್ಲಿ ಹೋಗುವವನ ವೇಗ. ಆ ವೇಗದಲ್ಲಿ ಹಗಲೂ ರಾತ್ರಿ, ನಿಲ್ಲದೆ, ಹದಿನೈದು ದಿನ.

ಈಶಾನ್ಯದಿಂದ ಒಂದೇ ಸಮ ಬೀಸುವ ಆ ಗಾಳಿಗೆ ನಮ್ಮ ಶಾಲೆಯ ಪುಸ್ತಕದಲ್ಲಿ ‘ವಾಣಿಜ್ಯ ಮಾರುತ’ ಎಂದು ಹೆಸರು. ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದೆ. ಎರಡು ಹಾಯಿಗಳನ್ನು ಎರಡು ಪಕ್ಕಕ್ಕೆ ಚಿಟ್ಟೆ ರೆಕ್ಕೆಯಂತೆ ಬಿಡಿಸಿ, ಗಳುವಿನಿಂದ ಒಂದನ್ನು ಹೊರಕ್ಕೆ ತಳ್ಳಿ ಕಟ್ಟಿದರೆ ಮುಗಿಯಿತು, ದಿನಗಟ್ಟಲೆ ಹಗ್ಗ ಮುಟ್ಟಬೇಕಿಲ್ಲ. ಬೆಲೆ ತೆರುವುದು ಮೈ. ಹಿಂದಿನಿಂದ ಗಾಳಿ ಬಂದಾಗ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತದೆ, ತೊಟ್ಟಿಲಂತೆ ಅಲ್ಲ, ಮೈ ಕೆರೆಸಿಕೊಳ್ಳುವ ಎಮ್ಮೆಯಂತೆ. ಲೋಟ ಇಟ್ಟ ಕಡೆ ಇರುವುದಿಲ್ಲ. ಅನ್ನ ಬೇಯಿಸುವವನು ಒಲೆಯ ಮುಂದೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನಿಲ್ಲಬೇಕು.

ಹಗ್ಗ ಮುಟ್ಟಬೇಕಿಲ್ಲ ಎಂದೆನಲ್ಲ, ಆದರೆ ನೋಡುತ್ತಿರಬೇಕು. ನಮ್ಮಜ್ಜಿ ಮನೆಯ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಓಡಾಡಿ ಬೆರಳಿಳಿಯುವಷ್ಟು ಆಳದ ಗೀರು ಬಿದ್ದಿತ್ತು. ಇಲ್ಲಿ ಸವೆಯುವುದು ಹಗ್ಗ. ಒಂದೇ ಜಾಗದಲ್ಲಿ, ಒಂದೇ ಕಬ್ಬಿಣದ ತುದಿಗೆ, ನಿಮಿಷಕ್ಕೆ ಹತ್ತು ಹನ್ನೆರಡು ಸಲ ಉಜ್ಜಿಕೊಂಡು. ಒಂಬತ್ತನೇ ರಾತ್ರಿ ದೊಡ್ಡ ಹಾಯಿಯ ಅಡ್ಡದಿಮ್ಮಿಯನ್ನು ಹಿಡಿದಿದ್ದ ಹಗ್ಗ ಹೀಗೇ ಸವೆದು ಪಟಕ್ಕನೆ ಹರಿಯಿತು. ನಾನು ಆವತ್ತು ಸಂಜೆ ಅದನ್ನು ಬೆರಳಾಡಿಸಿ ನೋಡಬೇಕಿತ್ತು, ಟಾರ್ಚ್ ಬಿಟ್ಟು ಸುಮ್ಮನಾಗಿದ್ದೆ. ಪುಣ್ಯಕ್ಕೆ ಗಾಳಿ ಕಡಿಮೆಯಿತ್ತು, ದಿಮ್ಮಿ ಈ ಪಕ್ಕದಿಂದ ಆ ಪಕ್ಕಕ್ಕೆ ತೂಗುವಾಗ ಯಾರ ತಲೆಯೂ ಅಡ್ಡವಿರಲಿಲ್ಲ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿಯ ಪಾಳಿ ಮೂರು ಮೂರು ಗಂಟೆ. ಈ ಕೆಲಸ ಮಾತ್ರ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಗದ್ದೆಯ ಅಟ್ಟಣೆಯಲ್ಲಿ ಹಂದಿ ಕಾದವನು ನಾನು. ಕತ್ತಲನ್ನು ನೇರವಾಗಿ ನೋಡಬಾರದು, ಸ್ವಲ್ಪ ಪಕ್ಕಕ್ಕೆ ನೋಡಬೇಕು, ಆಗ ಕಾಣುತ್ತದೆ ಎಂದು ಅಜ್ಜ ಹೇಳಿಕೊಟ್ಟಿದ್ದು ಅಟ್ಲಾಂಟಿಕ್‌ನಲ್ಲೂ ನಡೆಯಿತು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸುತ್ತ ಒಂದು ಸುತ್ತು ನೋಡಬೇಕು. ಅಂಚಿನಲ್ಲಿ ಈಗ ತಲೆ ಎತ್ತಿದ ಸರಕು ಹಡಗು ನಮ್ಮ ಮೇಲೆ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಸಾಕು. ಹದಿನೈದು ದಿನದಲ್ಲಿ ಕಣ್ಣಿಗೆ ಬಿದ್ದದ್ದು ಮೂರು ಹಡಗು. ಉಳಿದದ್ದೆಲ್ಲ ಹಾರುಮೀನು. ಕತ್ತಲಲ್ಲಿ ಬೆಳ್ಳಗೆ ಬಂದು ಎದೆಗೆ ಬಡಿದಾಗ ಮೊದಲ ಸಲ ನಾನು ಕೂಗಿದ್ದು ಅಚ್ಚ ಕನ್ನಡದಲ್ಲಿ, ಇಲ್ಲಿ ಬರೆಯುವಂಥದ್ದಲ್ಲ.

ನಮ್ಮದು ದೊಡ್ಡ ಸಾಹಸವೇನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಷವೂ ನೂರಾರು ದೋಣಿಗಳು ಈ ದಾರಿಯಲ್ಲಿ ಹೋಗುತ್ತವೆ. ನಾವು ಬೆಚ್ಚಗಿನ ಗಾಳಿಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದ ಅದೇ ಜನವರಿಯಲ್ಲಿ ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ, ಇಬ್ಬರೇ, ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ದಕ್ಷಿಣ ಪೆಸಿಫಿಕ್‌ನ ಚಳಿಯಲ್ಲಿದ್ದರು. 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟವರು ಭೂಮಿಯನ್ನೇ ಸುತ್ತಿ 2025ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು. ಅವರ ಮುಂದೆ ನಮ್ಮದು ಸಂತೆಗೆ ಹೋಗಿ ಬಂದ ಹಾಗೆ.

ಆದರೆ ಧ್ರುವ ನಕ್ಷತ್ರದ ವಿಷಯ ಬೇರೆ.

ನಲವತ್ತೊಂದು ವರ್ಷ ನಾನು ಧ್ರುವನನ್ನು ನೋಡಿರಲಿಲ್ಲ. ಕಥೆ ಗೊತ್ತು, ಅಪ್ಪನ ತೊಡೆಯಿಂದ ತಳ್ಳಿಸಿಕೊಂಡ ಹುಡುಗ. ನನ್ನ ಮದುವೆಯಲ್ಲಿ ಪುರೋಹಿತರು ಹನ್ನೊಂದೂವರೆ ಗಂಟೆಯ ಬಿಸಿಲಿನಲ್ಲಿ ಛತ್ರದ ಹೊರಗೆ ನಿಲ್ಲಿಸಿ ಅರುಂಧತಿಯನ್ನೂ ಧ್ರುವನನ್ನೂ ತೋರಿಸಿ ‘ಕಾಣ್ತಾ?’ ಎಂದಾಗ, ಕಂಡಿತು ಎಂದು ಇಬ್ಬರೂ ಸುಳ್ಳು ಹೇಳಿದ್ದೆವು. ಆದರೆ ನಿಜವಾಗಿ ರಾತ್ರಿ ಹೊತ್ತು, ಇಂಥದ್ದು ಎಂದು ಗುರುತಿಸಿ, ನೋಡಿರಲಿಲ್ಲ. ನಮ್ಮ ಮನೆ ಗಿರಿಯ ತೆಂಕಣ ಮಗ್ಗುಲಲ್ಲಿದೆ. ಬಡಗಣಕ್ಕೆ ಮುಖ ಮಾಡಿದರೆ ಬಾಬಾಬುಡನ್‌ಗಿರಿಯ ಸಾಲು, ಅದರ ಮೇಲೆ ಸಿಲ್ವರ್ ಓಕ್, ಅಂಗಳದ ಅಂಚಿನಲ್ಲಿ ದೊಡ್ಡ ಬಸರಿ ಮರ. ನಮ್ಮ ಅಕ್ಷಾಂಶದಲ್ಲಿ ಧ್ರುವ ಅಷ್ಟು ಕೆಳಗಿರುತ್ತಾನೆ, ಮರದ ಮರೆಯಲ್ಲೇ ಇಡೀ ವರ್ಷ ಕಳೆದುಬಿಡುತ್ತಾನೆ.

ಲೆಕ್ಕ ಸುಲಭ. ನೀವು ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದ್ದೀರೋ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ, ಒಂದು ಡಿಗ್ರಿಗಿಂತ ಕಡಿಮೆ ವ್ಯತ್ಯಾಸದಲ್ಲಿ. ತೋಳು ನೀಡಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಮಿಂಡೆಲೊ ಬಿಟ್ಟ ರಾತ್ರಿ, ಹದಿನೇಳು ಡಿಗ್ರಿಯಲ್ಲಿ, ನೀರಿನ ಅಂಚಿನ ಮೇಲೆ ಒಂದು ಮುಷ್ಟಿ ಇಟ್ಟು, ಅದರ ಮೇಲೆ ನಾಲ್ಕು ಬೆರಳು ಮಲಗಿಸಿದರೆ ಧ್ರುವ ಸಿಕ್ಕಿದ. ಅಂಥ ಪ್ರಕಾಶದ ನಕ್ಷತ್ರವೇನಲ್ಲ. ಇವನಿಗಾಗಿ ಇಷ್ಟೊಂದು ಪುರಾಣವೇ ಅನ್ನಿಸಿತು. ಆದರೆ ಸುತ್ತಲಿನದೆಲ್ಲ ತಿರುಗುತ್ತಿದ್ದರೂ, ದೋಣಿಯೂ ಹೊಟ್ಟೆಯೂ ಹೊರಳುತ್ತಿದ್ದರೂ, ಅವನು ಇದ್ದಲ್ಲೇ. ಪಾಳಿಯ ಮೂರು ಗಂಟೆಯೂ ಕಣ್ಣಿಗೆ ಹಿಡಿದುಕೊಳ್ಳಲು ಒಂದು ಮೊಳೆ ಸಿಕ್ಕ ಹಾಗಾಯಿತು.

ನೈಋತ್ಯಕ್ಕೆ ಜಾರಿಕೊಂಡು ಹೋಗುತ್ತಿದ್ದೆವಾದ್ದರಿಂದ ಧ್ರುವ ದಿನದಿನಕ್ಕೂ ಇಳಿಯುತ್ತಿದ್ದ. ನಾಲ್ಕು ಬೆರಳು ಮೂರಾಯಿತು. ಮೂರು ಎರಡಾಗುತ್ತಾ ಬಂತು. ದೇಶ ಬಿಟ್ಟು ದೂರ ದೂರ ಹೋಗುತ್ತಿದ್ದೇನೆ, ಆದರೆ ಆಕಾಶ ಮಾತ್ರ ರಾತ್ರಿಗಿಷ್ಟು ಮನೆಯ ಎತ್ತರಕ್ಕೆ ಇಳಿದು ಬರುತ್ತಿದೆ. ಇದನ್ನು ಮೇಷ್ಟ್ರಿಗೆ ಹೇಳಿದೆ. ಹಳಬರು ಮಾಡುತ್ತಿದ್ದದ್ದೇ ಇದು ಅಂದರು. ರೇಖಾಂಶ ಕಂಡುಹಿಡಿಯಲು ಗಡಿಯಾರವಿಲ್ಲದ ಕಾಲದಲ್ಲಿ, ಹೋಗಬೇಕಾದ ಊರಿನ ಅಕ್ಷಾಂಶಕ್ಕೆ ಮೊದಲು ಬಂದು, ಆಮೇಲೆ ನಕ್ಷತ್ರವನ್ನು ಅದೇ ಎತ್ತರದಲ್ಲಿ ಇಟ್ಟುಕೊಂಡು, ನೆಲ ಎದುರಾಗುವವರೆಗೆ ಒಂದೇ ದಿಕ್ಕಿಗೆ ಸಾಗುವುದು.

ಆ ಮಾತು ಕೇಳಿದ ಮೇಲೆ ನನಗೆ ನಕಾಶೆಯ ಹುಚ್ಚು ಹಿಡಿಯಿತು. ಚಿಕ್ಕಮಗಳೂರು 13 ಡಿಗ್ರಿ 19 ಮಿನಿಟು. ಅದೇ ಗೆರೆ ಹಿಡಿದು ಪಡುವಣಕ್ಕೆ ಬೆರಳು ಎಳೆದೆ. ಘಟ್ಟ ಇಳಿಯಿತು, ಮಲ್ಪೆಯ ಹತ್ತಿರ ಸಮುದ್ರಕ್ಕೆ ಬಿತ್ತು, ಲಕ್ಷದ್ವೀಪಗಳನ್ನು ಎಡಕ್ಕೆ ಬಿಟ್ಟು ಅರಬ್ಬೀ ಸಮುದ್ರ ದಾಟಿ, ಯೆಮನ್‌ನ ತುದಿಯಲ್ಲಿ ಕೆಂಪು ಸಮುದ್ರದ ದಡದ ಒಂದು ಚುಕ್ಕೆಯ ಮೇಲೆ ನಿಂತಿತು. ಮೋಖಾ. 13 ಡಿಗ್ರಿ 19 ಮಿನಿಟು.

ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: 17ನೇ ಶತಮಾನದಲ್ಲಿ ಬಾಬಾಬುಡನ್ ಹಜ್ ಯಾತ್ರೆ ಮುಗಿಸಿ ಬರುವಾಗ ಮೋಖಾದಿಂದ ಏಳು ಕಾಫಿ ಬೀಜ ಕದ್ದು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು. ಸೊಂಟಕ್ಕೆ ಕಟ್ಟಿಕೊಂಡು ತಂದರು ಎನ್ನುವವರು ಕೆಲವರು, ಗಡ್ಡದಲ್ಲಿ ಎನ್ನುವವರು ಕೆಲವರು. ಮೊಳೆಯುವ ಬೀಜ ಹೊರಗೆ ಹೋಗಬಾರದೆಂದು ಅರಬರು ಹುರಿದೋ ಬೇಯಿಸಿಯೋ ಮಾರುತ್ತಿದ್ದರಂತೆ. ಈ ಕಥೆಯಲ್ಲಿ ಬೆಟ್ಟವಿದೆ, ಬೀಜವಿದೆ, ಗಡ್ಡವೂ ಇದೆ, ಸಮುದ್ರ ಮಾತ್ರ ಇಲ್ಲ. ಮೋಖಾದಿಂದ ನಡೆದುಕೊಂಡು ಬಂದರೇನೋ ಎಂಬಂತೆ ನಾವು ಹೇಳುತ್ತೇವೆ. ಅವರು ಬಂದದ್ದು ಹಾಯಿ ಹಡಗಿನಲ್ಲಿ. ಮುಂಗಾರಿನ ಆರ್ಭಟ ತಗ್ಗುವ ಹೊತ್ತು ನೋಡಿಕೊಂಡು, ಅದೇ ಗಾಳಿಯ ಬಾಲ ಹಿಡಿದು ಮಲಬಾರಿನ ಕಡೆಗೆ ಹೊರಡುವುದು ಅರಬ್ ನಾವಿಕರ ಪದ್ಧತಿ. ಆ ಗಾಳಿಯ ಉಳಿದರ್ಧವೇ ಮುಳ್ಳಯ್ಯನಗಿರಿಗೆ ಬಡಿದು ನಮ್ಮ ತೋಟದ ಮೇಲೆ ಮಳೆಯಾಗುವುದು.

ಆ ನಾವಿಕರ ಕೈಯಲ್ಲಿ ‘ಕಮಾಲ್’ ಎಂಬ ಸಾಧನವಿರುತ್ತಿತ್ತು. ಸಾಧನ ಅಂದರೆ ಒಂದು ಚೌಕ ಹಲಗೆ, ನಡುವಿನಿಂದ ಹೊರಟ ಒಂದು ದಾರ, ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಷ್ಟು ಹಲಗೆಯನ್ನು ಮುಂದಕ್ಕೆ ನೀಡಿ, ಕೆಳಗಿನ ಅಂಚನ್ನು ನೀರಿನ ಗೆರೆಗೆ ಕೂರಿಸಿದರೆ, ಧ್ರುವ ಮೇಲಿನ ಅಂಚಿಗೆ ತಾಗಬೇಕು. ತಾಗಿದರೆ ನಾವು ಆ ಗಂಟಿನ ಊರಿನ ಅಕ್ಷಾಂಶದಲ್ಲಿದ್ದೇವೆ. ಬಂದರಿಗೊಂದು ಗಂಟು. ಎತ್ತರವನ್ನು ಅವರು ಅಳೆಯುತ್ತಿದ್ದದ್ದೂ ಬೆರಳಿನ ಲೆಕ್ಕದಲ್ಲೇ. ‘ಇಸ್ಬಾ’ ಎಂದರೆ ಬೆರಳು. ಮನೆಗೆ ಮರಳುವ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು. ಈ ಒಂದು ವಿಷಯವನ್ನು ನಾನು ದಿನಗಟ್ಟಲೆ ಚಪ್ಪರಿಸಿದ್ದೇನೆ.

ಒಂದು ಕಮಾಲ್ ಮಾಡಿಯೂ ಬಿಟ್ಟೆ. ದೋಣಿಯಲ್ಲಿ ಸಿಕ್ಕ ಪ್ಲೈವುಡ್ ತುಂಡು, ಮೀನಿನ ಗಾಳದ ದಾರ. ಕಣ್ಣಿನಿಂದ ಅರ್ಧ ಮೀಟರ್ ದೂರದಲ್ಲಿ ಹಲಗೆ ಹನ್ನೊಂದೂವರೆ ಸೆಂಟಿಮೀಟರ್ ಎತ್ತರವಿದ್ದರೆ ಅದು 13 ಡಿಗ್ರಿ. ಅಲ್ಲಿಗೊಂದು ಗಂಟು ಹಾಕಿದೆ. ಪೋರ್ಚುಗೀಸ್ ಹುಡುಗ, ಜಿಪಿಎಸ್ ಇರುವಾಗ ಇದ್ಯಾಕೆ ಎಂದು ಕೇಳಿದ. ಅವನ ಊರಿನ ವಾಸ್ಕೋ ಡ ಗಾಮನೂ ಆಫ್ರಿಕಾದಿಂದ ನಮ್ಮ ಕಡೆಗೆ ದಾರಿ ತೋರಿಸಿದವನಿಗೆ ಹೀಗೇ ಕೇಳಿರಬಹುದು.

ಸಂಕ್ರಾಂತಿ ಸರಿಯಾಗಿ ನಡುನೀರಿನಲ್ಲಿ ಬಂತು. ಹಿಂದಿನ ರಾತ್ರಿ ಬನದ ಹುಣ್ಣಿಮೆ, ಸಮುದ್ರವೆಲ್ಲ ಹಾಲು ಚೆಲ್ಲಿದ ಕಣ. ಬೆಳಿಗ್ಗೆ ಅಮ್ಮನ ಪೊಟ್ಟಣ ಬಿಚ್ಚಿದೆ. ಎಳ್ಳು, ಬೆಲ್ಲದ ಅಚ್ಚಿನಂಥ ಚೂರು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಹಂಚಿ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ನಮ್ಮಲ್ಲಿ ಹೇಳುತ್ತಾರೆ ಎಂದೆ. ಎಂಟು ದಿನ ಬಸ್ಸಿನಷ್ಟು ಜಾಗದಲ್ಲಿ ನಾಲ್ಕು ಜನ ಇದ್ದ ಮೇಲೆ ಆ ಮಾತಿಗೆ ಎಷ್ಟು ಅರ್ಥವಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನವಷ್ಟೇ ಬಾಳೆಹಣ್ಣಿನ ಮೇಲೆ ಜಗಳವಾಗಿತ್ತು. ಕಾಯಿಗೊನೆ ಕಟ್ಟಿಕೊಂಡು ಹೊರಟಿದ್ದೆವು. ಅಷ್ಟೂ ಒಂದೇ ದಿನ ಹಣ್ಣಾಗಿತ್ತು. ಗೊನೆಯಿಂದ ಚಿಪ್ಪು ಬಿಡಿಸಿ ಬೇರೆ ಬೇರೆ ಕಡೆ ಇಡಿ ಎಂದು ಹೊರಡುವಾಗಲೇ ಹೇಳಿದ್ದೆ. ಬಾಳೆಯ ವಿಷಯದಲ್ಲಿ ಮಲೆನಾಡಿನವನ ಮಾತು ಕೇಳದಿದ್ದರೆ ಹೀಗೇ, ಮೂರು ದಿನ ಮೂರು ಹೊತ್ತೂ ಬಾಳೆಹಣ್ಣು.

ನೀರಿನದೂ ಲೆಕ್ಕ. ಪಾತ್ರೆ, ಮೈ ಎಲ್ಲ ಉಪ್ಪುನೀರಿನಲ್ಲಿ; ಸಿಹಿನೀರು ಕುಡಿಯಲು, ಅಡುಗೆಗೆ ಮಾತ್ರ. ನನ್ನ ಪಾಲಿನ ಬೆಳಗಿನ ಲೋಟದಲ್ಲಿ ಫಿಲ್ಟರ್ ಹಾಕಿಕೊಂಡು ಕೂತಾಗ ಒಬ್ಬ ಫ್ರೆಂಚ್ ಅಧಿಕಾರಿ ನೆನಪಾಗುತ್ತಿದ್ದ. ಗೇಬ್ರಿಯಲ್ ದ ಕ್ಲಿಯೂ. 1720ರ ದಶಕದಲ್ಲಿ ಇದೇ ಸಾಗರದ ಮೇಲೆ ಮಾರ್ಟಿನಿಕ್‌ಗೆ ಕಾಫಿ ಸಸಿ ಒಯ್ದವನು. ಹಡಗಿನಲ್ಲಿ ನೀರು ತೀರುತ್ತಾ ಬಂದಾಗ ತನ್ನ ಪಾಲಿನದನ್ನು ಸಸಿಯೊಂದಿಗೆ ಹಂಚಿಕೊಂಡೆ ಎಂದು ಬರೆದುಕೊಂಡಿದ್ದಾನೆ. ಮಂಗಳೂರಿನ ಕಡೆಯಿಂದ ಯುರೋಪಿಗೆ ಹೋಗುತ್ತಿದ್ದ ನಮ್ಮ ಕಾಫಿಯ ಕಥೆ ಇನ್ನೊಂದು ಥರ: ಹಾಯಿ ಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ತೇವ ಕುಡಿದು ಬೀಜ ಊದಿಕೊಂಡು ಹಳದಿಯಾಗುತ್ತಿತ್ತು, ಹುಳಿ ಸತ್ತು ಮೆತ್ತಗಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗು ಬಂತು, ಬೀಜ ಹಸಿರಾಗಿಯೇ ತಲುಪತೊಡಗಿತು. ಕುಡಿಯುವವರಿಗೆ ಹಳೆಯ ರುಚಿಯೇ ಬೇಕು. ಅದಕ್ಕೇ ಈಗಲೂ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿಯನ್ನು ಮಳೆಗಾಲದ ಗಾಳಿಗೆ ಒಡ್ಡಿ ‘ಮಾನ್ಸೂನ್ಡ್ ಮಲಬಾರ್’ ಮಾಡುತ್ತಾರೆ. ಪ್ರಯಾಣವನ್ನು ತೆಗೆದು, ಪ್ರಯಾಣದ ರುಚಿಯನ್ನು ಮಾತ್ರ ಗೋದಾಮಿನಲ್ಲಿ ತಯಾರಿಸುವ ಈ ಉಪಾಯಕ್ಕೆ ನಾನು ನಕ್ಕಿದ್ದೆ. ಹದಿಮೂರನೇ ದಿನ ಕನ್ನಡಿ ನೋಡಿಕೊಂಡಾಗ ಬೀಜದ ಕಷ್ಟ ಅರ್ಥವಾಯಿತು.

ಹದಿಮೂರನೇ ದಿನವೇ 13 ಡಿಗ್ರಿ 19 ಮಿನಿಟು ದಾಟಿದ್ದು. ಪರದೆಯ ಮೇಲೆ ಆ ಅಂಕಿ ಇದ್ದದ್ದು ಕಾಲು ಗಂಟೆಯೂ ಇಲ್ಲ. ಸಂಜೆಯಾಗುತ್ತಿತ್ತು, ಮುಂದೆ ಮುಳುಗಿದ ಸೂರ್ಯನ ಮೇಲೆ ಶುಕ್ರ ಶನಿ ಪಕ್ಕಪಕ್ಕ ಕೂತಿದ್ದರು. ಅಮ್ಮನಿಗೆ ಹೇಳಿದ್ದರೆ ಯಾರ ಹತ್ತಿರವಾದರೂ ಶಾಂತಿ ಮಾಡಿಸಿಬಿಡುತ್ತಿದ್ದಳು. ಮನೆ ಈಗ ನೇರ ನನ್ನ ಬೆನ್ನ ಹಿಂದೆ, ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ, ಒಂದಿಷ್ಟೂ ಎಡಕ್ಕಲ್ಲ, ಬಲಕ್ಕಲ್ಲ. ಕಮಾಲ್ ತೆಗೆದು ಗಂಟು ಕಚ್ಚಿದೆ. ದೋಣಿ ಹೊರಳುತ್ತಿತ್ತು, ಹಲಗೆ ನಡುಗುತ್ತಿತ್ತು. ಧ್ರುವ ಒಮ್ಮೆ ಹಲಗೆಯ ಮೇಲೆ, ಒಮ್ಮೆ ಹಿಂದೆ. ನಡುವೆ ಎಲ್ಲೋ ಒಂದು ಕ್ಷಣ ಸರಿಯಾಗಿ ಅಂಚಿಗೆ ಕೂತ.

ಇನ್ನು ಬಂದು ಸೇರಿದ ಬೆಳಗು. ದ್ವೀಪದ ತೆಂಕಣ ತುದಿಯನ್ನು ಸುತ್ತಿ ಹೋಗಬೇಕಾದ್ದರಿಂದ 13 ಡಿಗ್ರಿಯ ಗೆರೆಯವರೆಗೂ ಇಳಿದೆವು. ಹಾಸನ ಬಸ್ ನಿಲ್ದಾಣದ ಸಮಕ್ಕೆ ಅಂದುಕೊಳ್ಳಿ. ಬೆಳಕು ಹರಿದಾಗ ಬಲಕ್ಕೆ ಚಪ್ಪಟೆ ನೆಲ. ಅದರ ಅತಿ ಎತ್ತರದ ಬೆಟ್ಟ ಮುನ್ನೂರ ಚಿಲ್ಲರೆ ಮೀಟರ್. ನಮ್ಮ ಲೆಕ್ಕದಲ್ಲಿ ದಿಬ್ಬ. ದೀಪಸ್ತಂಭ ದಾಟಿ ಪಡುವಣ ಮಗ್ಗುಲಿಗೆ ಹೊರಳುತ್ತಿದ್ದ ಹಾಗೇ ಸಮುದ್ರ ಸುಮ್ಮನಾಯಿತು. ಗಾಳಿ ಈಗ ದ್ವೀಪದ ಮೇಲಿಂದ ಬರುತ್ತಿತ್ತು. ಆಗ ಬಂತು ವಾಸನೆ. ಒದ್ದೆ ಮಣ್ಣು, ಒಣಹುಲ್ಲು ಸುಟ್ಟ ಹೊಗೆ, ಎಲ್ಲೋ ಎಣ್ಣೆಯಲ್ಲಿ ಏನೋ ಕರಿಯುತ್ತಿದ್ದಾರೆ, ಕೋಳಿಗೂಡು. ಮೇಷ್ಟ್ರ ಹೆಂಡತಿ ಮೂಗೆತ್ತಿ ನಿಂತು ಅಳತೊಡಗಿದರು. ಯಾರೂ ಏನೂ ಕೇಳಲಿಲ್ಲ.

ಬ್ರಿಜ್‌ಟೌನಿನ ಇದೇ ಕಾರ್ಲೈಲ್ ಕೊಲ್ಲಿಗೆ, ಇದೇ ಗಾಳಿಯಲ್ಲಿ, ಬೇರೆ ಹಡಗುಗಳೂ ಬಂದಿದ್ದವು. ಇಂಗ್ಲಿಷರು 1627ರಲ್ಲಿ ಇಲ್ಲಿ ನೆಲೆಯೂರಿದರು, 1640ರ ದಶಕದಲ್ಲಿ ಕಬ್ಬು ಹಿಡಿದರು, ಕಬ್ಬಿಗೆ ಆಳು ಬೇಕಾದಾಗ ಆಫ್ರಿಕಾದಿಂದ ಜನರನ್ನು ಸರಪಳಿ ಹಾಕಿ ತಂದರು. ಆ ಗಾಳಿಗೆ ವಾಣಿಜ್ಯ ಎಂಬ ಹೆಸರಿರುವುದನ್ನು ನೆನೆದು ಬಾಯಿ ಕಹಿಯಾಯಿತು. ನಾನು ಬೆರಳಲ್ಲಿ ನಕ್ಷತ್ರ ಅಳೆದುಕೊಂಡು ಬಂದ ದಾರಿಯನ್ನು ಅವರು ಹಲಗೆಯ ಕೆಳಗೆ, ಆಕಾಶವನ್ನೇ ಕಾಣದೆ ದಾಟಿದ್ದರು.

ಹಳದಿ ಬಾವುಟ ಏರಿಸಿದೆವು. ಒಂದು ಕಾಲದಲ್ಲಿ ರೋಗ ಇದೆಯೆಂಬ ಎಚ್ಚರಿಕೆಗೆ ಹಾರಿಸುತ್ತಿದ್ದ ಬಣ್ಣ. ಈಗ ಅರ್ಥ ತಿರುಗಿ, ನಾವು ಆರೋಗ್ಯವಾಗಿದ್ದೇವೆ, ಒಳಗೆ ಬರಲು ಅಪ್ಪಣೆ ಕೊಡಿ ಎಂದಾಗಿದೆ. ಅಪ್ಪಣೆ ಸಿಗುವವರೆಗೆ ನೆಲ ಮುಟ್ಟುವಂತಿಲ್ಲ. ಸಿಕ್ಕ ಮೇಲೆ ಹಳದಿ ಇಳಿಸಿ ಆ ದೇಶದ ಬಾವುಟ ಏರಿಸುವುದು. ಇವರದು ನೀಲಿ, ಚಿನ್ನ, ನೀಲಿ, ನಡುವೆ ಹಿಡಿ ಮುರಿದ ತ್ರಿಶೂಲ. ಬಂದರಿನ ಕಟ್ಟೆಯಲ್ಲಿ ನಮ್ಮ ಪಕ್ಕಕ್ಕೆ ನಿಂತದ್ದು ಹನ್ನೆರಡು ಮಹಡಿಯ ಪ್ರವಾಸಿ ಹಡಗು. ನಾವು ಅದರ ನೆರಳಿನಲ್ಲಿ ಬಿದ್ದ ಕಡ್ಡಿಪೆಟ್ಟಿಗೆ.

ಇಮಿಗ್ರೇಷನ್ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುಗಿಸಿದ. ನನಗೆ ವೀಸಾ ಕಚೇರಿಯ ಏಳು ವಾರ ನೆನಪಾಗಿ ಅಂಗೈ ಬೆವೆತಿತು. ಅದರ ಮೇಲೆ ಕೂತ ಕುರ್ಚಿ ನಿಧಾನಕ್ಕೆ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು. ಕುರ್ಚಿಯಲ್ಲ, ನಾನು. ಹದಿನೈದು ದಿನ ನೀರಿನಲ್ಲಿದ್ದವರಿಗೆ ನೆಲ ಎರಡು ಮೂರು ದಿನ ಹಾಗೇ. ಆತ ತಲೆಯೆತ್ತಿ ಒಂದೇ ಮಾತು ಹೇಳಿದ: ‘81.’

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. 1997, ಇದೇ ಊರಿನ ಕೆನ್ಸಿಂಗ್ಟನ್ ಓವಲ್. ಗೆಲ್ಲಲು ಬರೀ 120 ಬೇಕಿತ್ತು, ಭಾರತ 81ಕ್ಕೆ ಆಲೌಟ್. ನಾನಾಗ ಹುಡುಗ, ಮಾರನೇ ದಿನ ಶಾಲೆಗೆ ಹೋಗಿರಲಿಲ್ಲ. ‘ಏಳು ರನ್,’ ಎಂದೆ ನಾನು. 2024ರ ಜೂನ್ 29, ಅದೇ ಮೈದಾನ, ಟಿ-20 ವಿಶ್ವಕಪ್ ಫೈನಲ್, ದಕ್ಷಿಣ ಆಫ್ರಿಕಾ ವಿರುದ್ಧ ಏಳು ರನ್ನಿನ ಗೆಲುವು, ಕಪ್ ಕೈಗೆ ಬಂದಾಗ ನಮ್ಮ ದ್ರಾವಿಡ್ ಕೂಗಿದ ಕೂಗು. ಆತ ನಕ್ಕು, ಯಾವಾಗ ಹೋಗುತ್ತೀರಿ, ಹೇಗೆ ಹೋಗುತ್ತೀರಿ ಎಂದು ಮಾತ್ರ ಬಿಡದೆ ಕೇಳಿದ. ದೋಣಿಯಲ್ಲಿ ಬಂದ ಆಳು ದೋಣಿಯಲ್ಲೇ ಹೋಗಬೇಕು, ಇಲ್ಲವೇ ವಿಮಾನದ ಟಿಕೆಟ್ ತೋರಿಸಬೇಕು. ತೋರಿಸಿದೆ. ಮುದ್ರೆ ಬಿತ್ತು.

ಕಸ್ಟಮ್ಸ್‌ನಲ್ಲಿದ್ದ ಹೆಂಗಸು ಇಷ್ಟು ಸಲೀಸಲ್ಲ. ಗಿಡ, ಹಣ್ಣು, ಬೀಜ ಏನಾದರೂ? ಕಾಫಿ ಪುಡಿ ಇದೆ, ಚಿಕೋರಿ ಬೆರೆತದ್ದು ಎಂದೆ. ಪುಡಿಯಾದರೆ ಸರಿ. ಇನ್ನೇನು? ಎಳ್ಳು ಬೆಲ್ಲ ಒಂದು ಹಿಡಿ ಉಳಿದಿತ್ತು, ಬ್ಯಾಗಿನಲ್ಲೇ ಇತ್ತು, ತೆಗೆದು ಮೇಜಿನ ಮೇಲಿಟ್ಟೆ. ಆಕೆ ಪೊಟ್ಟಣ ಬಿಚ್ಚಿ, ಪೆನ್ನಿನ ತುದಿಯಿಂದ ಕೆದಕಿ ನೋಡಿದರು. ಎಳ್ಳು ಸಮುದ್ರದ ತೇವಕ್ಕೆ ಬೆಲ್ಲಕ್ಕಂಟಿ ಮುದ್ದೆಯಾಗಿತ್ತು.

‘ಬೀಜ,’ ಅಂದರು.

‘ಹೌದು.’

‘ಬಿತ್ತಿದರೆ ಹುಟ್ಟುತ್ತಾ?’

ನನಗೆ ಒಮ್ಮೆಲೇ ಉತ್ತರ ಬರಲಿಲ್ಲ. ನನ್ನ ಹಿಂದೆ, ಅದೇ ಗೆರೆಯ ಆ ತುದಿಯಲ್ಲಿ, ಮೋಖಾದ ಸುಂಕದ ಕಟ್ಟೆಯಲ್ಲಿ ಒಬ್ಬರು ಗಡ್ಡ ನೀವಿಕೊಂಡು ನಿಂತ ಹಾಗಾಯಿತು. ‘ಇಲ್ಲ, ಹುರಿದದ್ದು,’ ಎಂದೆ. ಆಕೆ ಒಂದು ಹುರಿಗಡಲೆ ಹೆಕ್ಕಿ, ಬೆರಳ ನಡುವೆ ಒತ್ತಿ ಎರಡು ಹೋಳು ಮಾಡಿ, ಒಳಗೆ ಮೊಳಕೆಯ ಜಾಗ ಒಣಗಿರುವುದನ್ನು ನೋಡಿ, ಪೊಟ್ಟಣ ನನ್ನ ಕಡೆಗೆ ತಳ್ಳಿದರು. ಮೂಸಿ ನೋಡಿ ಚೆನ್ನಾಗಿದೆ ಎಂದೂ ಅಂದರು. ಕೊಟ್ಟೆ. ಕೆಲಸದ ಹೊತ್ತಿನಲ್ಲಿ ತಿನ್ನುವಂತಿಲ್ಲ ಎಂದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಇಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅಲ್ಲಿ ಸಂಜೆ ಏಳು. ಅಮ್ಮ ಎರಡೇ ಪ್ರಶ್ನೆ ಕೇಳಿದಳು: ಊಟ ಆಯ್ತಾ, ರೊಬಸ್ಟಾಕ್ಕೆ ಆಳು ಸಿಗುತ್ತಿಲ್ಲ ಯಾವಾಗ ಬರುತ್ತೀಯ. ಆವತ್ತಿನ ಊಟ ಹಾರುಮೀನು. ನಮ್ಮ ಎದೆಗೆ ಬಂದು ಬಡಿಯುತ್ತಿದ್ದ ಅದೇ ಮೀನು ಇಲ್ಲಿ ರಾಷ್ಟ್ರೀಯ ಅಡುಗೆ. ಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ತೊಳಸಿದ ‘ಕೂಕೂ’ ಎಂಬ ಮುದ್ದೆಯ ಜೊತೆ. ಮುದ್ದೆಯನ್ನು ನಾನು ಕೈಯಲ್ಲಿ ಮುರಿದು ಸಾರಿಗದ್ದಿ ನುಂಗಿದ್ದನ್ನು ಹೋಟೆಲಿನ ಅಜ್ಜಿ ಬಾಗಿಲಿಗೊರಗಿ ಪೂರ್ತಿ ನೋಡಿದಳು.

ಹನ್ನೊಂದು ದಿನದ ನಂತರ ವಿಮಾನದಲ್ಲಿ ವಾಪಸ್ ಬಂದೆ. ಆ ಪ್ರಯಾಣದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಮೇ ತಿಂಗಳಲ್ಲಿ ತೋಟದಲ್ಲಿ ಮರಗಸಿ. ಮಳೆ ಹಿಡಿಯುವ ಮೊದಲು ನೆರಳು ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡುವ ಕೆಲಸ. ಅಂಗಳದ ಬಸರಿ ಮರದ ದೊಡ್ಡ ಕೊಂಬೆಯೊಂದು ಹೆಂಚಿನ ಮೇಲೆ ಬಾಗಿತ್ತು, ಅದನ್ನೂ ಇಳಿಸಿಬಿಡಿ ಎಂದೆ. ಆವತ್ತು ರಾತ್ರಿ ಕರೆಂಟ್ ಹೋಯಿತು. ಕಣದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಾಗ ಕೊಂಬೆಯಿದ್ದ ಜಾಗದಲ್ಲಿ, ಗಿರಿಯ ಸಾಲಿನ ಸ್ವಲ್ಪ ಮೇಲೆ, ಅವನು ಕೂತಿದ್ದ. ತೋಳು ನೀಡಿದೆ. ಇಲ್ಲಿ ನೀರಿನ ಗೆರೆಯಿಲ್ಲ, ಬೆಟ್ಟ ಅಡ್ಡ; ಕಣದ ಆಚೆಯ ಗೋಡೆಯ ಮೇಲೆ ಕಣ್ಣಿನ ಸಮಕ್ಕೆ ಒಂದು ಗುರುತು ಹಿಡಿದು ಅಲ್ಲಿಂದ ಲೆಕ್ಕ ಹಾಕಿದೆ. ಒಂದು ಮುಷ್ಟಿ, ಮೇಲೆರಡು ಬೆರಳು.

ಅಮ್ಮನಿಗೆ ತೋರಿಸಿದೆ. ಧ್ರುವ ಎಂದೆ. ಇಷ್ಟು ಸಣ್ಣವನಾ ಅಂದಳು. ಹೇಗೆ ಅಳೆಯುವುದೆಂದು ಹೇಳಿಕೊಟ್ಟೆ. ಒಂದು ಕಣ್ಣು ಮುಚ್ಚಿ, ಕಾಫಿ ಕುಯ್ದು ಕುಯ್ದು ಗೆಣ್ಣು ದಪ್ಪಗಾದ ಮುಷ್ಟಿಯನ್ನು ಮುಂದಕ್ಕೆ ನೀಡಿ, ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಲಗಿಸಿದಳು. ಸುಮಾರು ಹೊತ್ತು ನೋಡಿದಳು.

‘ನಂಗೆ ಮೂರು ಬರ್ತಿದೆ ಕಣೋ,’ ಅಂದಳು.